ಹಸಿದ ತಾಯಿಗೆ ಏನು ಹೇಳುವುದು?

ಡೊಂಬಿವಲಿಯ ಓದುಗರೊಬ್ಬರು ಈ ತಿಂಗಳು ಬರೆದ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ಹನ್ನೊಂದು ವರ್ಷ ಪಾಲ್ಘರ್ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಪೌಷ್ಟಿಕತೆಯ ಕೆಲಸ ಮಾಡಿದ್ದೇನೆ. ಈಗ ದಕ್ಷಿಣ ಸುಡಾನ್‌ನಲ್ಲಿ ಒಂದು ಪರಿಹಾರ ಸಂಸ್ಥೆ ಕರೆದಿದೆ. ಪೌಷ್ಟಿಕತೆ ಮತ್ತು ನಡವಳಿಕೆ ಬದಲಾವಣೆಯ (ಅಂದರೆ ಊಟ, ಶುಚಿತ್ವದ ರೂಢಿಗಳನ್ನು ತಿದ್ದುವ) ಕೆಲಸ ನೋಡಿಕೊಳ್ಳುವ ಮುಖ್ಯಸ್ಥೆಯ ಹುದ್ದೆ, ಒಂದು ವರ್ಷಕ್ಕೆ. ಗಂಡ ಒಪ್ಪಿದ್ದಾರೆ. ಮಾವನವರು ಮಾತ್ರ 'ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಲು ಹೋಗ್ತೀಯಾ?' ಅಂದರು. ಅಂದಿನಿಂದ ನಿದ್ದೆ ಇಲ್ಲ. ಊಟವೇ ಇಲ್ಲದ ಕಡೆ ನಾನು ಏನು ಕಲಿಸಲಿ? ಭಾಷೆ ಬಾರದ ಊರಿನಲ್ಲಿ ತಂಡ ಹೇಗೆ ನಡೆಸಲಿ? ಲಾಕ್‌ಡೌನ್‌ನಲ್ಲಿ ನೀವು ಕೂಲಿಗಳಿಗೆ ರೇಷನ್ ಹಂಚಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ."

ತಂಗಿ,

ಪತ್ರ ಮೂರು ಸಲ ಓದಿದೆ. ನಿಮ್ಮ ಮಾವನವರ ಮಾತು ಅರ್ಧ ಸರಿ. ಆ ಅರ್ಧದಿಂದಲೇ ಶುರು ಮಾಡ್ತೀನಿ, ಯಾಕೆಂದರೆ ಅದು ನನ್ನ ಅನುಭವಕ್ಕೆ ಬಂದಿದೆ.

2020ರ ಏಪ್ರಿಲ್. ನಮ್ಮ ಪತ್ರಿಕೆಯ ಗೆಳೆಯರು ಸೇರಿ ನವಿ ಮುಂಬಯಿಯ ಒಂದು ಕಟ್ಟಡದ ಸೈಟಿಗೆ ರೇಷನ್ ಒಯ್ದೆವು. ಅಲ್ಲಿದ್ದವರೆಲ್ಲ ಕಲಬುರಗಿ, ಯಾದಗಿರಿ ಕಡೆಯವರು. ಕೆಲಸ ನಿಂತಿತ್ತು. ಊರಿಗೆ ಹೋಗಲು ಬಸ್ಸಿಲ್ಲ, ರೈಲಿಲ್ಲ. ಕಿಟ್‌ನಲ್ಲಿ ಗೋಧಿ ಹಿಟ್ಟು, ಅಕ್ಕಿ, ತೊಗರಿ ಬೇಳೆ, ಎಣ್ಣೆ ಇತ್ತು. ಜೊತೆಗೆ ನಾನೇ ಬರೆದ ಒಂದು ಕರಪತ್ರ. ಮಕ್ಕಳಿಗೆ ಬೇಳೆಯ ಕಟ್ಟು ಕೊಡಿ, ಸೊಪ್ಪು ಕೊಡಿ, ಸೋಪು ಹಚ್ಚಿ ಕೈ ತೊಳೆಯಿರಿ ಅಂತ ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೆ. ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳು ಅದನ್ನು ಯಾರಿಂದಲೋ ಓದಿಸಿಕೊಂಡು ನನ್ನ ಹತ್ತಿರ ಬಂದಳು. "ಅಕ್ಕಾರ, ಬ್ಯಾಳಿ ಕುದಸಾಕ ಉರುವಲ ಎಲ್ಲೈತ್ರಿ?" ಅಂದಳು. ಸೈಟಿನಲ್ಲಿದ್ದ ಹಲಗೆ ಚೂರುಗಳನ್ನು ಆಗಲೇ ಸುಟ್ಟು ಮುಗಿಸಿದ್ದರು. ನೀರಿನ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಬೇಳೆಯ ಕಟ್ಟಿನ ವಿಷಯ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತೊಗರಿಯ ನಾಡಿನವಳು ಅಲ್ವಾ.

ಮುಂದಿನ ವಾರ ಕರಪತ್ರ ಒಯ್ಯಲಿಲ್ಲ. ಅವಲಕ್ಕಿ, ಪುಠಾಣಿ, ಶೇಂಗಾ, ಬೆಲ್ಲ ಒಯ್ದೆವು. ಎರಡು ಗ್ಯಾಸ್ ಸಿಲಿಂಡರ್ ಕೂಡ. ಆ ಕರಪತ್ರದ ಒಂದು ಪ್ರತಿ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಈಗ ಅದಕ್ಕೂ ಹಿಂದಿನ ಒಂದು ಸಂಗತಿ. ನಾನು ಅಕ್ಕಲಕೋಟೆ ಕಡೆಯವಳು. 1972ರ ಬರದಲ್ಲಿ ನನಗೆ ಎಂಟು ವರ್ಷ. ಅವ್ವ ಬರಗಾಲದ ಕೆಲಸಕ್ಕೆ ಖಡಿ ಒಡೆಯಲು ಹೋಗುತ್ತಿದ್ದಳು. 1973ರ ಮೇ ತಿಂಗಳಲ್ಲಿ ಇಡೀ ಮಹಾರಾಷ್ಟ್ರದಲ್ಲಿ ಹತ್ತಿರ ಹತ್ತಿರ 50 ಲಕ್ಷ ಜನ ಅಂಥ ಕೆಲಸದಲ್ಲಿದ್ದರು ಅಂತ ಆಮೇಲೆ ಓದಿ ತಿಳಿದೆ. ಆಗ ನನಗೆ ಗೊತ್ತಿದ್ದದ್ದು ಸುಕಡಿ ಮಾತ್ರ. ಕೆಲಸದ ಜಾಗದಲ್ಲಿ ಕೈಗೆ ಹಾಕುತ್ತಿದ್ದ ಸಿಹಿ ಪುಡಿಯಂಥ ತಿನಿಸು. ಅದನ್ನು ಅಲ್ಲೇ ತಿನ್ನಬೇಕು, ಮನೆಗೆ ಒಯ್ಯಬಾರದು ಅಂತ ಮೇಲ್ವಿಚಾರಕ ಗದರಿಸುತ್ತಿದ್ದನಂತೆ. ಅವ್ವ ಅವನು ನೋಡುವಾಗ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ನಾವು ಮೂರು ಮಕ್ಕಳು ಬಾಗಿಲಲ್ಲಿ ಕಾಯುತ್ತಿದ್ದೆವು.

ಮೇಲ್ವಿಚಾರಕನ ಲೆಕ್ಕ ತಪ್ಪಲ್ಲ. ಬಿಸಿಲಲ್ಲಿ ಕಲ್ಲು ಒಡೆಯುವ ದೇಹಕ್ಕೆ ಆ ಸುಕಡಿ ಬೇಕು. ಅವ್ವನ ಲೆಕ್ಕವೂ ತಪ್ಪಲ್ಲ. ನೀವು ಹೋಗುವ ಊರಿನಲ್ಲಿ ಇದೇ ಕಥೆ ಪೊಟ್ಟಣದೊಳಗೆ ಕೂತಿರುತ್ತದೆ. ಶೇಂಗಾ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿ, ತೀರಾ ಸೊರಗಿದ ಮಕ್ಕಳಿಗೆ ಅಂತಲೇ ಮಾಡಿದ 92 ಗ್ರಾಂ ಪೊಟ್ಟಣ. ಒಂದರಲ್ಲಿ 500 ಕ್ಯಾಲರಿ. 1996ರಲ್ಲಿ ಫ್ರಾನ್ಸ್‌ನ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ಅದನ್ನು ರೂಪಿಸಿದರು. ನೀರು ಬೇಡ, ಒಲೆ ಬೇಡ, ಹರಿದು ಹಾಗೇ ತಿನ್ನಿಸಬಹುದು. ಅದು ಬಂದ ಮೇಲೆ, ಸೊರಗಿದ್ದರೂ ತಿನ್ನುವ ಹಸಿವಿದ್ದು ಬೇರೆ ಕಾಯಿಲೆ ಇಲ್ಲದ ಮಗುವನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇಡಬೇಕಾಗಿಲ್ಲ. ತಾಯಿ ವಾರಕ್ಕೊಮ್ಮೆ ಬಂದು ಪೊಟ್ಟಣ ಒಯ್ಯುತ್ತಾಳೆ. ಒಯ್ದದ್ದನ್ನು ಮನೆಯ ನಾಲ್ಕು ಮಕ್ಕಳಿಗೂ ಹಂಚುತ್ತಾಳೆ. ಸೊರಗಿದ ಮಗುವಿನ ತೂಕ ಏರುವುದಿಲ್ಲ. ಆಗ ನಿಮ್ಮ ತಂಡದವರು ಬಂದು ವರದಿ ಕೊಡುತ್ತಾರೆ: "ತಾಯಂದಿರಿಗೆ ತಿಳುವಳಿಕೆ ಇಲ್ಲ, ಇನ್ನಷ್ಟು ಸಭೆ ಮಾಡೋಣ."

ಆ ವರದಿಯ ಕೆಳಗೆ ಸಹಿ ಹಾಕಬೇಡಿ. ಆ ಮನೆಗೆ ರೇಷನ್ ಬಂದಿದೆಯಾ ಅಂತ ಮೊದಲು ಕೇಳಿ. ಉಳಿದ ಮೂರು ಮಕ್ಕಳ ಹೊಟ್ಟೆಗೆ ಏನಾದರೂ ಬಿದ್ದರೆ ಪೊಟ್ಟಣ ಸೊರಗಿದ ಮಗುವಿಗೇ ಹೋಗುತ್ತದೆ. ಮುಖ್ಯಸ್ಥೆಯಾಗಿ ನಿಮ್ಮ ಮೊದಲ ಕೆಲಸ ಇದು ಅಂತ ನಾನು ನಂಬಿದ್ದೇನೆ. ತಾಯಿ ಯಾಕೆ ಹಾಗೆ ಮಾಡುತ್ತಾಳೆ ಅಂತ ಹುಡುಕಿ, ಆ ಕಾರಣವನ್ನು ರೇಷನ್ ಹಂಚುವವರ, ನೀರು ಕೊಡುವವರ, ಹಣ ಕೊಡುವವರ ಮುಂದೆ ಇಡುವುದು. ಸಭೆಗಳಲ್ಲಿ ಪೌಷ್ಟಿಕತೆಯವರು ಒಂದು ಮೂಲೆಯಲ್ಲಿ, ಧಾನ್ಯದ ಲಾರಿ ನೋಡುವವರು ಇನ್ನೊಂದು ಮೂಲೆಯಲ್ಲಿ ಕೂತಿರುತ್ತಾರೆ. ನೀವು ಎದ್ದು ಆ ಮೂಲೆಗೆ ಹೋಗಿ. ಬರೀ ಕಾಳು ಕೊಟ್ಟರೆ ಬೀಸಿಸಲು ದುಡ್ಡು ಬೇಕು. ದುಡ್ಡಿಲ್ಲದವರು ಸಿಕ್ಕ ಕಾಳಿನಲ್ಲೇ ಒಂದು ಪಾಲನ್ನು ಗಿರಣಿಗೆ ಕೊಡುತ್ತಾರೆ. ಇದನ್ನು ಹೇಳುವವರು ಯಾರು? ಒಲೆಯ ಮುಂದೆ ಕೂತು ತಾಯಂದಿರ ಮಾತು ಕೇಳಿ ಬಂದವರೇ ಹೇಳಬೇಕು.

ಕೆಲವು ಸಲ ಕಾರಣ ಇನ್ನೂ ಕ್ರೂರವಾಗಿರುತ್ತದೆ. 2018ರ ನವೆಂಬರ್‌ನಲ್ಲಿ ದಕ್ಷಿಣ ಸುಡಾನ್‌ನ ಬೆಂಟಿಯು ಪಟ್ಟಣಕ್ಕೆ ರೇಷನ್ ತರಲು ನಡೆದು ಹೋಗುತ್ತಿದ್ದ ಹೆಂಗಸರ ಮೇಲೆ ದಾರಿಯಲ್ಲಿ ದಾಳಿ ಆಯಿತು. ಅತ್ಯಾಚಾರ ಮಾಡಿದರು, ಹೊಡೆದರು. ಹತ್ತು ದಿನದಲ್ಲಿ 125 ಹೆಂಗಸರು, ಹುಡುಗಿಯರು ಚಿಕಿತ್ಸೆಗೆ ಬಂದರು ಅಂತ ಅಲ್ಲಿ ಕೆಲಸ ಮಾಡುತ್ತಿದ್ದ ಎಂಎಸ್‌ಎಫ್ ವೈದ್ಯರ ಸಂಸ್ಥೆ ಹೇಳಿತು. ಒಬ್ಬ ತಾಯಿ ಎರಡು ವಾರ ಕ್ಲಿನಿಕ್‌ಗೆ ಬರದೆ ಇದ್ದರೆ ರಿಜಿಸ್ಟರ್‌ನಲ್ಲಿ "ಗೈರು" ಅಂತ ಬರೆಯುವ ಮೊದಲು ಈ ದಾರಿಯನ್ನು ನೆನಪಿಸಿಕೊಳ್ಳಿ.

ಇಷ್ಟು ಹೇಳಿದ ಮೇಲೂ ನೀವು ಹೋಗಬೇಕು ಅಂತಲೇ ನನ್ನ ಮಾತು. ಯಾಕೆ ಅಂದರೆ ಕೆಲವು ಕಡೆ ಸರಿಯಾದ ಒಂದು ಮಾತಿಲ್ಲದೆ ಇದ್ದರೆ ಊಟವೇ ಜೀವ ತೆಗೆಯುತ್ತದೆ.

ತುಂಬಾ ದಿನ ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬಾ ಉಣ್ಣಿಸಬಾರದು. ತೀರಾ ಸೊರಗಿ ಕಾಯಿಲೆಯೂ ಬಿದ್ದ ಮಗುವಿಗೆ ಆಸ್ಪತ್ರೆಯಲ್ಲಿ ಮೊದಲು 100 ಮಿಲಿಗೆ 75 ಕ್ಯಾಲರಿಯ ತೆಳು ಹಾಲನ್ನು ಸ್ವಲ್ಪ ಸ್ವಲ್ಪವಾಗಿ, ರಾತ್ರಿ ಹಗಲು ಕುಡಿಸುತ್ತಾರೆ. ನೋಡುವ ಅಜ್ಜಿಗೆ ಸಂಕಟ. ಇಷ್ಟು ದಿನ ಹಸಿದ ಕೂಸಿಗೆ ಇಷ್ಟೇನಾ ಅಂತ ಅವಳು ಸೆರಗಿನೊಳಗಿಂದ ಗಟ್ಟಿ ಗಂಜಿ ತಿನ್ನಿಸಿಬಿಡುತ್ತಾಳೆ. ಅವಳಿಗೆ ಯಾರಾದರೂ ಪಕ್ಕದಲ್ಲಿ ಕೂತು ಕಾರಣ ಹೇಳಬೇಕು. ಗದರಿಸಿದರೆ ಕದ್ದು ತಿನ್ನಿಸುತ್ತಾಳೆ, ಅಷ್ಟೇ.

1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನಿಕರು ಜರ್ಮನಿಯ ಬರ್ಗನ್-ಬೆಲ್ಸೆನ್ ಸೆರೆಶಿಬಿರ ಬಿಡಿಸಿದಾಗ ಮರುಕದಿಂದ ತಮ್ಮ ರೇಷನ್ ಅನ್ನೇ ಕೊಟ್ಟರು. ಆ ದೇಹಗಳಿಗೆ ಅದು ದಕ್ಕಲಿಲ್ಲ. ಬಿಡುಗಡೆ ಆದ ಮೇಲೂ ಹಸಿವು, ಟೈಫಸ್ ಜ್ವರ ಸೇರಿ ಅಲ್ಲಿ ಸುಮಾರು 13,000 ಜನ ಸತ್ತರು. ಆಗ 1943ರ ಬಂಗಾಳದ ಕ್ಷಾಮದಲ್ಲಿ ಕೆಲಸಕ್ಕೆ ಬಂದಿದ್ದ ಒಂದು ಸಿಹಿ ಮಿಶ್ರಣವನ್ನು ತರಿಸಿದರು. ಬಂಗಾಳದಲ್ಲಿ ಒಗ್ಗಿದ್ದು ಅಲ್ಲಿ ಬಾಯಿಗೆ ಹತ್ತಲಿಲ್ಲ. ಪ್ಯಾಪ್ರಿಕಾ ಅನ್ನುವ ಅವರ ಮೆಣಸಿನ ಪುಡಿ ಸೇರಿಸಿದ ಮೇಲೆ ತಿನ್ನಲು ಶುರು ಮಾಡಿದರು. ಸಾಯುತ್ತಿದ್ದ ಮನುಷ್ಯನ ನಾಲಿಗೆಗೂ ಅವನ ಊರು ನೆನಪಿತ್ತು. ಇದನ್ನು ಓದಿದಾಗ ನನಗೆ ಕಣ್ಣೀರು ಬಂತು.

ಹಾಲಿನ ಪುಡಿಯ ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. ಎಲ್ಲಿ ಅನಾಹುತ ಆದರೂ ಒಳ್ಳೆಯ ಮನಸ್ಸಿನ ಜನ ಮೊದಲು ಕಳಿಸುವುದು ಕೂಸಿನ ಹಾಲಿನ ಡಬ್ಬ. ನೀರು ಕೊಳಕು, ಬಾಟಲಿ ಕುದಿಸಲು ಉರುವಲಿಲ್ಲ. 2006ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಭೂಕಂಪ ಆದಾಗ ಹಾಗೇ ಆಯಿತು. ದಾನದ ಹಾಲಿನ ಪುಡಿ ಸಿಕ್ಕ ಎಳೆಯ ಮಕ್ಕಳಲ್ಲಿ ನೂರಕ್ಕೆ ಸುಮಾರು 25 ಮಕ್ಕಳಿಗೆ ಭೇದಿ. ಸಿಗದವರಲ್ಲಿ ನೂರಕ್ಕೆ ಸುಮಾರು 12. "ನಾನೇ ಉಂಡಿಲ್ಲ, ನನ್ನಲ್ಲಿ ಹಾಲೆಲ್ಲಿ" ಅಂತ ತಾಯಿ ಹೇಳುತ್ತಾಳೆ. ಬಹುಪಾಲು ತಾಯಂದಿರಿಗೆ ಸೊರಗಿದ್ದರೂ ಹಾಲು ಬರುತ್ತದೆ, ಕೂಸು ಚೀಪಿದಷ್ಟೂ ಬರುತ್ತದೆ. ಅವಳಿಗೆ ಊಟ ಕೊಡಬೇಕು, ಕೂರಲು ಮರೆಯಾದ ಜಾಗ ಕೊಡಬೇಕು, ಧೈರ್ಯ ಹೇಳಲು ಒಬ್ಬಳು ಬೇಕು. ತಾಯಿ ಇಲ್ಲದ ಕೂಸುಗಳಿಗೆ ಬೇರೆ ದಾರಿ ಬೇಕೇ ಬೇಕು, ಅದನ್ನು ಒಂದೊಂದು ಕೂಸಿಗೂ ಯೋಚಿಸಿ ಮಾಡಿ. ಹೊರಡುವ ಮೊದಲು ಸಾಧ್ಯವಾದರೆ ಮುಂಬಯಿಯ ಸಯನ್ ಆಸ್ಪತ್ರೆಯ ಎದೆಹಾಲಿನ ಬ್ಯಾಂಕ್ ನೋಡಿ ಬನ್ನಿ. 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು, ಏಷ್ಯಾದಲ್ಲೇ ಮೊದಲನೆಯದು. ಧಾರಾವಿಯ ಪಕ್ಕದಲ್ಲಿ ತಾಯಂದಿರು ಬೇರೆಯವರ ಕೂಸಿಗೆ ಹಾಲು ಕೊಡುತ್ತಾರೆ.

ತಂಡ ನಡೆಸುವ ಬಗ್ಗೆ ಕೇಳಿದ್ದೀರಿ. ಇದಕ್ಕೂ 1972ರ ಕಡೆಗೇ ಹೋಗ್ತೀನಿ. ಆಗ ಅಮೆರಿಕದಿಂದ ಬಂದ ಕೆಂಪು ಜೋಳ ಕೊಡುತ್ತಿದ್ದರು. ಹಿಟ್ಟಿಗೆ ಜಿಗಿ ಇರಲಿಲ್ಲ. ರೊಟ್ಟಿ ಬಡಿದರೆ ಕೈಯಲ್ಲೇ ಹರಿಯುತ್ತಿತ್ತು. ಹೆಂಗಸರು ಶಾಪ ಹಾಕುತ್ತಿದ್ದರು. ನಮ್ಮ ಓಣಿಯ ಒಬ್ಬ ಮುದುಕಿ ಮಾತ್ರ ರೊಟ್ಟಿಯ ಗೊಡವೆಗೇ ಹೋಗಲಿಲ್ಲ. ಕಾಳು ಒಡೆದು ನುಚ್ಚು ಕುದಿಸಿದಳು, ಉಳಿದದ್ದನ್ನು ರಾತ್ರಿ ನೆನೆಸಿ ಹುಳಿ ಬರಿಸಿ ಅಂಬಲಿ ಮಾಡಿದಳು. ನಾಲ್ಕು ದಿನದಲ್ಲಿ ಓಣಿಯ ಎಲ್ಲಾ ಒಲೆಗಳ ಮೇಲೂ ನುಚ್ಚು. ಯಾರೂ ಸಭೆ ಕರೆದಿರಲಿಲ್ಲ.

ಅಂಥ ಮುದುಕಿ ನೀವು ಹೋಗುವ ಊರಿನಲ್ಲೂ ಇರುತ್ತಾಳೆ. ಅವಳನ್ನು ಹುಡುಕಲು ಒಂದು ಪದ್ಧತಿಯೇ ಇದೆ, ನಿಮಗೆ ಗೊತ್ತಿರಬಹುದು. ನೀವು ರೂಢಿಸಬೇಕು ಅಂದುಕೊಂಡ ಒಂದು ಕೆಲಸವನ್ನು, ಕೈ ತೊಳೆಯುವುದೇ ಇರಲಿ, ಆಗಲೇ ಮಾಡುವ 45 ತಾಯಂದಿರು, ಅದೇ ಕಷ್ಟದಲ್ಲಿದ್ದೂ ಮಾಡದ 45 ತಾಯಂದಿರು, ಇಬ್ಬರನ್ನೂ ಒಂದೇ ಪ್ರಶ್ನೆ ಕೇಳುವುದು. ನಿನಗೆ ಯಾವುದು ಸುಲಭ ಮಾಡಿತು, ಯಾವುದು ಅಡ್ಡ ಬಂತು, ಯಾರು ಬೇಡ ಅಂದರು? ಎರಡು ಉತ್ತರಗಳ ನಡುವಿನ ವ್ಯತ್ಯಾಸದಲ್ಲಿ ನಿಮ್ಮ ಕೆಲಸ ಇದೆ. ಪೋಸ್ಟರ್ ಅಚ್ಚು ಹಾಕಿಸುವುದು ಅದಾದ ಮೇಲೆ. ಬೇಕಾಗದೆಯೂ ಇರಬಹುದು.

ಭಾಷೆಯ ಭಯ ನನಗೆ ಅರ್ಥವಾಗುತ್ತದೆ. ಅಲ್ಲಿನ ಹೆಂಗಸರನ್ನೇ ತಂಡಕ್ಕೆ ತೆಗೆದುಕೊಳ್ಳಿ, ಒಂದೇ ಪಂಗಡದವರು ಆಗದಂತೆ ನೋಡಿಕೊಳ್ಳಿ. 1995ರಲ್ಲಿ ಮೊಜಾಂಬಿಕ್‌ನಲ್ಲಿ ಶುರುವಾದ ಒಂದು ವ್ಯವಸ್ಥೆ ಇದೆ. ಹತ್ತು ಹದಿನೈದು ಹೆಂಗಸರ ಗುಂಪು, ಒಬ್ಬೊಬ್ಬಳೂ ಅಲ್ಲಿ ಕಲಿತದ್ದನ್ನು ಅಕ್ಕಪಕ್ಕದ ಹತ್ತು ಹದಿನೈದು ಮನೆಗೆ ಹೋಗಿ ಹೇಳುತ್ತಾಳೆ. ನಮ್ಮ ಆಶಾ ಕಾರ್ಯಕರ್ತೆಯ ತಲೆ ಮೇಲೆ ಸಾವಿರ ಜನರ ಹೊರೆ ಇರುತ್ತದಲ್ಲ, ಅದಕ್ಕೆ ಹೋಲಿಸಿದರೆ ಇದು ಮನುಷ್ಯರಿಗೆ ಆಗುವಂಥ ಕೆಲಸ. ತೋಳು ಅಳೆಯುವ ಬಣ್ಣದ ಪಟ್ಟಿಯನ್ನು ತಾಯಂದಿರ ಕೈಗೇ ಕೊಡಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ಮಗು ತೀರಾ ಸೊರಗಿದೆ. ಓದು ಬಾರದ ತಾಯಿಯೂ ಅಳೆಯಬಲ್ಲಳು, ನೈಜರ್‌ನಂಥ ದೇಶಗಳಲ್ಲಿ ಅಳೆದು ತೋರಿಸಿದ್ದಾರೆ. ಅವಳು ದಿನಾ ಆ ತೋಳನ್ನು ಹಿಡಿದೇ ಮಗುವಿಗೆ ಸ್ನಾನ ಮಾಡಿಸುವವಳು.

ಮಳೆಗಾಲದಲ್ಲಿ ಅಲ್ಲಿ ರಸ್ತೆಗಳು ಮುಳುಗುತ್ತವೆ. ಎಷ್ಟೋ ಊರುಗಳಿಗೆ ವಿಮಾನದಿಂದ ಚೀಲ ಬೀಳಿಸುತ್ತಾರೆ. ಪೊಟ್ಟಣ ಬರುವುದು ತಡವಾಗುತ್ತದೆ. ಆ ದಿನ ಸುಳ್ಳು ಹೇಳಬೇಡಿ, ನಿಮ್ಮ ಹುಡುಗಿಯರ ಬಾಯಿಂದಲೂ ಹೇಳಿಸಬೇಡಿ. ಬಂದಿಲ್ಲ, ಯಾವಾಗ ಬರುತ್ತದೋ ಗೊತ್ತಾದ ಕೂಡಲೇ ಹೇಳ್ತೀವಿ ಅಂತ ನೀವೇ ಮುಂದೆ ನಿಂತು ಹೇಳಿ. ಬೈಗುಳವನ್ನು ನೀವೇ ಕೇಳಿಸಿಕೊಳ್ಳಿ. ಆ ಹುಡುಗಿಯರು ಸಂಜೆ ಅದೇ ಜನರ ನಡುವೆ ಮನೆಗೆ ಹೋಗಬೇಕು.

ಒಂದು ವಿಷಯ ನಿಮಗೆ ಸಮಾಧಾನ ತರಬಹುದು. ಅಲ್ಲಿನ ಮುಖ್ಯ ಊಟ ಜೋಳ. ಹುಳಿ ಹಿಟ್ಟನ್ನು ಹೆಂಚಿನ ಮೇಲೆ ತೆಳುವಾಗಿ ಎಳೆದು ಕಿಸ್ರಾ ಮಾಡುತ್ತಾರೆ. ಹಿಟ್ಟು ತಿರುವಿ ನಮ್ಮ ಮುದ್ದೆಯಂಥ ಅಸೀದಾ ಮಾಡುತ್ತಾರೆ. ಮೊದಲ ದಿನ ಏನೂ ಕಲಿಸಬೇಡಿ. ಯಾರದಾದರೂ ಒಲೆಯ ಹತ್ತಿರ ಕೂತು ಹಿಟ್ಟು ತಿರುವಲು ಕಲಿಯಿರಿ.

ನಿಮ್ಮ ಮಾವನವರು ಜತ್ತ ತಾಲೂಕಿನವರು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ವಯಸ್ಸು ಎಪ್ಪತ್ತೈದು. ಅಂದರೆ 1972ರಲ್ಲಿ ಅವರು ಇಪ್ಪತ್ತು ದಾಟಿದ ಹುಡುಗ. ಜತ್ತದಲ್ಲಿ ಆ ವರ್ಷ ಏನಾಗಿತ್ತು ಅಂತ ನನಗೆ ಅಂದಾಜಿದೆ. ಇವತ್ತು ಊಟ ಆದ ಮೇಲೆ ಅವರ ಹತ್ತಿರ ಕೂತು ಕೇಳಿ, ಆಗ ಮನೆಯಲ್ಲಿ ಏನು ತಿಂದಿರಿ, ಯಾರು ತಿನ್ನದೆ ಉಳಿದರು ಅಂತ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರ್ತೀನಿ.