ಉಸಿರಾಡದ ಪೆಟ್ಟಿಗೆ ನೀರು ಎಳೆಯುತ್ತದೆ

ಪ್ರಶ್ನೆ: ಚಾಲಕನಿಲ್ಲದ ಕಾರಿನ ಪ್ರಾಜೆಕ್ಟ್‌ಗೆ ಕ್ಯಾಮೆರಾ, ಲಿಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಕಾರಿನ ಮೇಲೆ ಕೂರಿಸಿದ್ದೇವೆ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ್ದು. ಬಿಸಿಲಿಗೆ ಸೊಟ್ಟಗಾಯಿತು. ಸುತ್ತ ಸಿಲಿಕೋನ್ ಮೆತ್ತಿದರೂ ಮೊದಲ ಮಳೆಗೇ ಒಳಗೆ ನೀರು. ಏನು ಮಾಡಬೇಕು?
– ವಿದ್ಯಾರ್ಥಿಗಳು, ತುಮಕೂರು

ಉತ್ತರ: ಪಿಎಲ್‌ಎ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಎಎಸ್‌ಎ ಎಂಬ ಪ್ಲಾಸ್ಟಿಕ್ ಬಳಸಿ, ಸುಮಾರು 100 ಡಿಗ್ರಿವರೆಗೆ ಬಿಗಿಯಾಗಿರುತ್ತದೆ, ಬಿಸಿಲಿಗೂ ತಾಳುತ್ತದೆ. ಬಣ್ಣ ಬಿಳಿಯೇ ಇರಲಿ.

ನೀರಿನ ವಿಷಯ ಬೇರೆ. ನೀವು ಮುಚ್ಚಿದ್ದು ಕಡಿಮೆಯಾಯಿತೆಂದಲ್ಲ, ಒಳಗಿನ ಗಾಳಿಗೆ ದಾರಿಯೇ ಇರಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಪೆಟ್ಟಿಗೆ 60 ಡಿಗ್ರಿಗೆ ಕಾದಾಗ ಹಿಗ್ಗಿದ ಗಾಳಿ ಸಣ್ಣ ಸಂದಿಗಳಿಂದ ಹೊರಹೋಗುತ್ತದೆ. ಸಂಜೆ ಮಳೆ ಸುರಿದು ಥಟ್ಟನೆ 25ಕ್ಕೆ ಇಳಿದರೆ ಒಳಗಿನ ಒತ್ತಡ ಸುಮಾರು ಶೇ. 10 ಕುಸಿಯುತ್ತದೆ. ಪೆಟ್ಟಿಗೆಯನ್ನು ಒಂದು ಮೀಟರ್ ನೀರಿನಲ್ಲಿ ಮುಳುಗಿಸಿದಷ್ಟೇ ಎಳೆತ ಅದು. ಯಾವ ಸಂದಿಯಿಂದ ಗಾಳಿ ಹೋಯಿತೋ ಅದೇ ಸಂದಿಯಿಂದ ನೀರು ಬರುತ್ತದೆ. ಇದಕ್ಕೆ ಇಪಿಟಿಎಫ್‌ಇ (ಸೂಕ್ಷ್ಮ ರಂಧ್ರಗಳ ಟೆಫ್ಲಾನ್) ಪೊರೆಯ ವೆಂಟ್ ಪ್ಲಗ್ ಸಿಗುತ್ತದೆ: ಗಾಳಿಯನ್ನು ಬಿಡುತ್ತದೆ, ನೀರ ಹನಿಯನ್ನು ಬಿಡುವುದಿಲ್ಲ. ಒಂದು ಸಾಕು. ಪಕ್ಕದ ಗೋಡೆಗೆ ಹಾಕಿ, ಮೇಲ್ಭಾಗಕ್ಕೆ ಬೇಡ. ಅಲ್ಲಿ ಕೆಮ್ಮಣ್ಣಿನ ಧೂಳು ಕೂತು ಪೊರೆ ಕಟ್ಟಿಕೊಳ್ಳುತ್ತದೆ.

ಮುಚ್ಚಳಕ್ಕೆ ಸಿಲಿಕೋನ್ ಬದಲು 3 ಮಿ.ಮೀ. ದಪ್ಪದ ರಬ್ಬರ್ ಹುರಿ. ಅದು ಕೂರುವ ತೋಡು 2.3 ಮಿ.ಮೀ. ಆಳ, 4 ಮಿ.ಮೀ. ಅಗಲ ಇರಲಿ. ಅಗಲ ಕಡಿಮೆಯಾದರೆ ಒತ್ತಿದ ರಬ್ಬರ್ ಹರಡಲು ಜಾಗವಿಲ್ಲದೆ ಮುಚ್ಚಳವನ್ನೇ ಎತ್ತುತ್ತದೆ. ಪ್ರಿಂಟಿನ ಪದರಗಳ ನಡುವೆಯೂ ನೀರು ಜಿನುಗುವುದರಿಂದ ತೋಡನ್ನು ಮರಳು ಕಾಗದದಲ್ಲಿ ನುಣುಪು ಮಾಡಿ, ಪೆಟ್ಟಿಗೆಯ ಒಳಮೈಗೆ ಎಪಾಕ್ಸಿ ಬಳಿಯಿರಿ. ಎಲ್ಲಾದರೂ ಸಿಲಿಕೋನ್ ಬೇಕೇಬೇಕಾದರೆ ವಿನೆಗರ್ ವಾಸನೆಯದು ಬೇಡ. ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೇಬಲ್ ತಳದಿಂದ ಗ್ಲಾಂಡ್ (ಕೇಬಲ್ ಸುತ್ತ ಬಿಗಿದು ನೀರು ತಡೆಯುವ ಜೋಡಣೆ) ಮೂಲಕ ಒಳಬರಲಿ.

ಲಿಡಾರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಅದರ ವಿವರಪತ್ರದಲ್ಲಿ ಐಪಿ67 (ಧೂಳು, ನೀರು ತಡೆಯುವ ದರ್ಜೆ) ಎಂದಿದ್ದರೆ ಮಳೆಗೆ ಬೇರೆ ರಕ್ಷಣೆ ಬೇಕಿಲ್ಲ. ಒಳಗಿಟ್ಟರೆ ಅದರ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಬೇಕು, ಆದರೆ ಪಾಲಿಕಾರ್ಬೊನೇಟ್ ಹಾಳೆಯ ಒಂದೊಂದು ಮೈಯೂ ಸುಮಾರು ಶೇ. 5 ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಹೋಗುವಾಗ ಎರಡು ಮೈ, ಬರುವಾಗ ಎರಡು: ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಅಲ್ಲೇ ಹೋಯಿತು. ಕ್ಯಾಮೆರಾಗೆ ಆ ಹಾಳೆಯೇ ಸಾಕು, ಆದರೆ ಥಿನ್ನರ್‌ನಲ್ಲಿ ಒರೆಸಬೇಡಿ, ಬಿರುಕು ಬಿಡುತ್ತದೆ.

ಪರೀಕ್ಷೆಗೆ ಒಳಗಿನದ್ದೆಲ್ಲ ತೆಗೆದು ಟಿಶ್ಯೂ ಕಾಗದ ಹಾಕಿ ಮುಚ್ಚಿ. ಅರ್ಧ ಗಂಟೆ 60 ಡಿಗ್ರಿಯಲ್ಲಿ ಕಾಯಿಸಿ, ಬಿಸಿ ಇರುವಾಗಲೇ ಪೈಪಿನಿಂದ ತಣ್ಣೀರು ಹೊಡೆಯಿರಿ. ತಣ್ಣಗಿನ ಪೆಟ್ಟಿಗೆಗೆ ನೀರು ಹೊಡೆದು ಪಾಸಾಯಿತೆಂದರೆ ಅದು ಪರೀಕ್ಷೆಯೇ ಅಲ್ಲ.

ಪ್ರಶ್ನೆ: 77 ಗಿಗಾಹರ್ಟ್ಸ್ ರಾಡಾರ್ ಮುಂದಿನ ಪ್ಲಾಸ್ಟಿಕ್ ಎಷ್ಟು ದಪ್ಪ ಇರಬೇಕು?
– ಓದುಗರು, ಕೋಲಾರ

ಉತ್ತರ: ಪ್ಲಾಸ್ಟಿಕ್‌ನೊಳಗೆ ರಾಡಾರ್ ಅಲೆಯ ಅರ್ಧ ತರಂಗಾಂತರದಷ್ಟು. ಪಾಲಿಕಾರ್ಬೊನೇಟ್‌ಗೆ ಅದು ಸುಮಾರು 1.15 ಮಿ.ಮೀ.; ತೆಳುವೆನಿಸಿದರೆ ಅದರ ಎರಡರಷ್ಟು, 2.3. ನಡುವಿನ ಅಳತೆಯಲ್ಲಿ ಪ್ರತಿಫಲನ ಹೆಚ್ಚು. ಮೆಟಾಲಿಕ್ ಬಣ್ಣ ಹೊಡೆಸಲೇಬೇಡಿ.