ಅರ್ಧ ಫೀಸ್ ಮನ್ನಾ ಅಂದ್ರೆ ಉಳಿದ ಅರ್ಧ ಎಷ್ಟು?

ರಿಪ್ಪನ್‌ಪೇಟೆ ಕಡೆಯ ತಾಯಿಯೊಬ್ರು ಬರೆದ ಪತ್ರದ ಸಾರ ಇಷ್ಟು: ಮಗಳು ಸರ್ಕಾರಿ ಕಾಲೇಜಲ್ಲಿ ಪಿಯುಸಿ ಸೈನ್ಸ್ ಮುಗಿಸಿದಾಳೆ, ಸಿಇಟಿ ರ‍್ಯಾಂಕ್ ನೋಡಿದ್ರೆ ಶಿವಮೊಗ್ಗದಲ್ಲೇ ಕಂಪ್ಯೂಟರ್ ಸೈನ್ಸ್ ಸಿಗೋ ಹಾಗಿದೆ. ಅಷ್ಟರಲ್ಲಿ ಬೆಂಗಳೂರಿನ ಒಂದು ಖಾಸಗಿ ಯೂನಿವರ್ಸಿಟಿಯಿಂದ ಫೋನು, ‘ಮೆರಿಟ್ ಸ್ಕಾಲರ್‌ಶಿಪ್ ಬಂದಿದೆ, ಫೀಸಲ್ಲಿ ಅರ್ಧ ಮನ್ನಾ, ಶನಿವಾರದೊಳಗೆ 50 ಸಾವಿರ ಕಟ್ಟಿ ಸೀಟ್ ಹಿಡ್ಕೊಳಿ’ ಅಂತ. ಮಗಳ ಮನಸ್ಸು ಆ ಕ್ಯಾಂಪಸ್ ಮೇಲೆ. ಮೈದುನರಿಗೆ ಹೆಣ್ಮಕ್ಳನ್ನ ದೂರ ಕಳಿಸೋದೇ ಇಷ್ಟ ಇಲ್ಲ. ಮನೆಯೋರು ಅಡಿಕೆ ತೋಟದ ಎಲೆಚುಕ್ಕೆ ರೋಗದ ಚಿಂತೇಲಿ ಮಾತೇ ಆಡ್ತಿಲ್ಲ. ಏನ್ ಮಾಡ್ಲಿ?

ಸಂಪಾದಕರ ಉತ್ತರ

ಅಕ್ಕಾ, ಮೊದ್ಲು ಶನಿವಾರದ ವಿಷ್ಯ. ಕಟ್ಬೇಡಿ. ಸಿಇಟಿ ಸೀಟ್ ಹಂಚಿಕೆ ಇನ್ನೂ ಶುರುವೇ ಆಗಿಲ್ಲ, ಅದಕ್ಕಿಂತ ಮುಂಚೆ ದುಡ್ಡು ಕಟ್ಟಿಸ್ಕೊಂಡ್ರೆ ನೀವು ಆಮೇಲೆ ಅತ್ತಿತ್ತ ಹೋಗಲ್ಲ ಅನ್ನೋ ಲೆಕ್ಕ ಅವರದು. ಕಟ್ಟಲೇಬೇಕು ಅನ್ಸಿದ್ರೆ ವಾಪಸ್ ಕೊಡೋ ನಿಯಮ ಬರವಣಿಗೇಲಿ ಕೇಳಿ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿ 2018ರಲ್ಲೇ ಹೇಳಿದೆ, ಅಡ್ಮಿಷನ್ನಿನ ಕೊನೇ ದಿನಕ್ಕಿಂತ 15 ದಿನ ಮುಂಚೆ ಬಿಟ್ರೆ ಪೂರ್ತಿ ಫೀಸ್ ವಾಪಸ್ ಬರ್ಬೇಕು (ಪ್ರೊಸೆಸಿಂಗ್ ಅಂತ ಸ್ವಲ್ಪ ಹಿಡೀಬಹುದು ಅಷ್ಟೆ), ಮಕ್ಕಳ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳೋ ಹಾಗೂ ಇಲ್ಲ. ‘ಮೇಡಂ ಒರಿಜಿನಲ್ ಕೊಟ್ಟು ಹೋಗಿ’ ಅಂದ್ರೆ ಅಲ್ಲೇ ಎದ್ದು ಬಂದ್ಬಿಡಿ.

ಇನ್ನು ಮೆರಿಟ್ ಸ್ಕಾಲರ್‌ಶಿಪ್. ಮಗಳು ಚೆನ್ನಾಗಿ ಓದಿದಾಳೆ ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಈ ಮನ್ನಾ ಅನ್ನೋದು ಮುಕ್ಕಾಲು ಪಾಲು ಆಷಾಢ ಸೇಲ್ ಇದ್ದ ಹಾಗೆ, ಬೋರ್ಡಲ್ಲಿ ರೇಟ್ ಏರಿಸಿ ಬರೆದು ಅದರ ಮೇಲೆ ಗೀಟು ಎಳೆಯೋದು. ಎಷ್ಟು ಬಿಟ್ರು ಅಂತ ನೋಡ್ಬೇಡಿ, ಬಿಟ್ಟ ಮೇಲೆ ನಾಲ್ಕು ವರ್ಷಕ್ಕೆ ನಾವು ಕಟ್ಟೋದು ಎಷ್ಟು ಅಂತ ನೋಡಿ. ನೀವೇ ಬರೆದಿರೋ ಲೆಕ್ಕ ತಗೊಂಡ್ರೆ ಫೀಸು 3.5 ಲಕ್ಷದಲ್ಲಿ ಅರ್ಧ ಹೋಗಿ 1.75, ಹಾಸ್ಟೆಲ್ಲು ಮೆಸ್ಸು 1.6, ಅಲ್ಲಿಗೆ ವರ್ಷಕ್ಕೆ 3.35, ನಾಲ್ಕು ವರ್ಷಕ್ಕೆ 13.4 ಲಕ್ಷ. ಶಿವಮೊಗ್ಗದಲ್ಲಿ ಸಿಇಟಿ ಸೀಟು 1.1, ಹಾಸ್ಟೆಲ್ 80 ಸಾವಿರ, ನಾಲ್ಕು ವರ್ಷಕ್ಕೆ 7.6 ಲಕ್ಷ. ಇಷ್ಟೇ ಆಗಿದ್ರೆ ಯೋಚ್ನೆ ಮಾಡ್ಬಹುದಿತ್ತು. ಆದ್ರೆ ನೀವು ಕಳಿಸಿದ ಆಫರ್ ಲೆಟರ್‌ನ ಎರಡನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಪ್ರತಿ ವರ್ಷ ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕೋ ಸರಾಸರಿ ಗ್ರೇಡು) 8.5 ಇರ್ಬೇಕು ಅಂತಿದೆ, ಓದಿದ್ರಾ? ಮೊದಲ ವರ್ಷ ಎಲ್ಲಾ ಹೊಸದು, ಹಾಸ್ಟೆಲ್ ಹೊಸದು, ಪಾಠ ಇಂಗ್ಲಿಷಲ್ಲಿ, ಎಷ್ಟೇ ಜಾಣೆ ಆದ್ರೂ ಒಂದು ಸೆಮಿಸ್ಟರ್ ಕೈ ಕೊಡಬಹುದು. ಎರಡನೇ ವರ್ಷದಿಂದ ಮನ್ನಾ ಹೋದ್ರೆ ಒಟ್ಟು 18.65 ಲಕ್ಷ. ನಡುವೆ ಬಿಟ್ಟು ಬರೋಕೂ ಆಗಲ್ಲ. ಅವರನ್ನ ಕೇಳ್ಬೇಕಾದ ಪ್ರಶ್ನೆ ಒಂದೇ: ಹೋದ ವರ್ಷ ಈ ಸ್ಕಾಲರ್‌ಶಿಪ್ ತಗೊಂಡೋರಲ್ಲಿ ಎಷ್ಟು ಜನಕ್ಕೆ ಈ ವರ್ಷನೂ ಉಳ್ಕೊಂಡಿದೆ? ಫೋನಲ್ಲಿ ಬೇಡ, ಮೇಲ್ ಮಾಡಿ ಕೇಳಿ, ಉತ್ತರ ಬಂದ್ರೆ ನಂಗೂ ಕಳಿಸಿ.

ಈಗ ನೀವು ಪತ್ರದಲ್ಲಿ ಒಂದೇ ಸಾಲಲ್ಲಿ ಹೇಳಿ ಬಿಟ್ಟಿರೋ ವಿಷ್ಯ, ನನ್ನ ಪ್ರಕಾರ ಅದೇ ದೊಡ್ಡದು. ಮಗಳು ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೇಲಿ, ಕನ್ನಡ ಮಾಧ್ಯಮದಲ್ಲಿ ಓದಿದಾಳೆ. ಸಿಇಟಿಲಿ ಗ್ರಾಮೀಣ ಕೋಟಾ 15 ಪರ್ಸೆಂಟು, ಕನ್ನಡ ಮಾಧ್ಯಮಕ್ಕೆ 5. ಅರ್ಜೀಲಿ ಎರಡನ್ನೂ ಕ್ಲೇಮ್ ಮಾಡಿದೀರಾ, ವೆರಿಫಿಕೇಶನ್ನಲ್ಲಿ ಓಕೆ ಆಗಿದ್ಯಾ ಇವತ್ತೇ ನೋಡಿ, ಅದೇ ರ‍್ಯಾಂಕಿಗೆ ಸಿಗೋ ಸೀಟೇ ಬೇರೆ ಆಗುತ್ತೆ. ಜೊತೆಗೆ ಎಸ್‌ಎನ್‌ಕ್ಯೂ ಅಂತ ಇದೆ, ಮನೆ ಆದಾಯ 8 ಲಕ್ಷದೊಳಗಿದ್ರೆ ಟ್ಯೂಷನ್ ಫೀಸೇ ಇಲ್ಲದ ಸೀಟು, ಇರೋದು ಕಡಿಮೆ, ರ‍್ಯಾಂಕ್ ಮೇಲೆ ಕೊಡ್ತಾರೆ. ಇದರಲ್ಲಿ ಸಿಜಿಪಿಎ ಷರತ್ತಿನ ಆಟ ಇಲ್ಲ. ಇಂಜಿನಿಯರಿಂಗ್ ಸೇರೋ ಹೆಣ್ಮಕ್ಳಿಗೆ ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಕೊಡೋ ಪ್ರಗತಿ ಸ್ಕಾಲರ್‌ಶಿಪ್ ವರ್ಷಕ್ಕೆ 50 ಸಾವಿರ, ಸರ್ಕಾರಿ ಶಾಲೆ ಕಾಲೇಜಲ್ಲಿ ಓದಿದ ಹುಡ್ಗೀರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿಂದ 30 ಸಾವಿರ, ರೈತರ ಮಕ್ಕಳಿಗೆ ರೈತ ವಿದ್ಯಾನಿಧೀಲಿ 11 ಸಾವಿರ ಕೊಡ್ತಿದ್ರು, ಈಗಲೂ ಇದ್ಯಾ ವಿಚಾರಿಸಿ. ಎಲ್ಲಾ ಒಟ್ಟಿಗೆ ಸಿಕ್ಕೇ ಸಿಗುತ್ತೆ ಅಂತ ಕೂಡ್ಸಿ ಲೆಕ್ಕ ಹಾಕ್ಬೇಡಿ. ಅರ್ಜಿ ಮಾತ್ರ ಎಲ್ಲದಕ್ಕೂ ಹಾಕಿ.

ಇನ್ನೊಂದು, ಫೀಸ್ ಕೇಳೋದು ಮಳೆಗಾಲದಲ್ಲಿ. ಆಗ ನಿಮ್ಮನೇಲಿ ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ, ಔಷಧಿ ಹೊಡೆಯೋರ ಕೂಲಿಗೆ ದುಡ್ಡು ಹೊರಗೆ ಹೋಗ್ತಿರುತ್ತೆ, ಅಡಿಕೆ ಕೊನೆ ಕೊಯ್ದು ಬೇಯ್ಸಿ ಒಣಗ್ಸಿ ಮಂಡಿಗೆ ಹಾಕೋದು ಎಷ್ಟೋ ತಿಂಗಳ ಮೇಲೆ. ಮಂಡೀಲಿ ಮುಂಗಡ ತಂದು ಫೀಸ್ ಕಟ್ಟೋಕಿಂತ ಕಾಲೇಜಲ್ಲಿ ಎರಡು ಕಂತು ಕೇಳಿ, ಇಲ್ಲಾಂದ್ರೆ ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್ಲಲ್ಲಿ ಕಾಲೇಜಿನ ಹೆಸರಿದ್ಯಾ ನೋಡಿ. ಇದ್ರೆ ಜಾಮೀನಿಲ್ಲದೆ ಸಾಲ, ಆದಾಯ 8 ಲಕ್ಷದೊಳಗಿದ್ರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡೀಲಿ 3 ಪರ್ಸೆಂಟ್ ಕಡಿತನೂ ಇದೆ.

ಕ್ಯಾಂಪಸ್ ವಿಷ್ಯಕ್ಕೆ ಮಗಳನ್ನ ಬೈಬೇಡಿ. ನಾಲ್ಕು ವರ್ಷ ಅಲ್ಲಿರೋಳು ಅವಳು, ಆಸೆ ತಪ್ಪಲ್ಲ. ಖೋ ಖೋ ಆಡ್ತಾಳೆ ಅಂತ ಬರೆದಿದೀರಿ, ಹಾಗಾದ್ರೆ ಎರಡೂ ಕಡೆ ಕರ್ಕೊಂಡು ಹೋಗಿ, ಆನಂದಪುರದಲ್ಲಿ ರಾತ್ರಿ ರೈಲು ಹತ್ತಿದ್ರೆ ಬೆಳಗಾಗೋದ್ರೊಳಗೆ ಬೆಂಗಳೂರು. ಅಡ್ಮಿಷನ್ ಆಫೀಸಿನ ಏಸಿ ರೂಮಲ್ಲಿ ಕೂರ್ಬೇಡಿ. ಕ್ಲಾಸ್ ಬಿಟ್ಟ ಮೇಲೆ ಸಂಜೆ ಐದಕ್ಕೆ ಗ್ರೌಂಡಲ್ಲಿ ಹುಡ್ಗೀರು ಆಡ್ತಾ ಇದಾರಾ, ಹಾಸ್ಟೆಲ್ ಗೇಟ್ ಎಷ್ಟೊತ್ತಿಗೆ ಹಾಕ್ತಾರೆ, ಲೈಬ್ರರಿ ಎಷ್ಟೊತ್ತಿನವರೆಗೆ, ಸೆಕೆಂಡ್ ಇಯರ್ ಹುಡ್ಗೀರನ್ನ ಮಗಳೇ ಕೇಳ್ಲಿ, ನೀವು ಹತ್ತು ಹೆಜ್ಜೆ ದೂರ ನಿಂತ್ಕೊಳಿ. ಶಿವಮೊಗ್ಗ ಅಂದ್ರೆ ಸಪ್ಪೆ ಅಂತ ಅವಳಿಗೆ ಅನ್ಸಿರಬಹುದು, ಆದ್ರೆ ಇಲ್ಲಿ ನೆಹರೂ ಸ್ಟೇಡಿಯಂ ಇದೆ, ರಂಗಾಯಣ ಇದೆ, ಶನಿವಾರ ಮಧ್ಯಾಹ್ನ ಬಸ್ ಹತ್ತಿದ್ರೆ ರಾತ್ರಿ ಊಟಕ್ಕೆ ಮನೇಲಿ. (ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಓಡೋದು ಜಾಸ್ತಿ ಪ್ರೈವೇಟು, ಆ ಖರ್ಚು ಸೇರಿಸ್ಕೊಳಿ.)

ಮೈದುನರ ಮಾತು ಬಿಡಿ. ನಾನು ಶಿವಮೊಗ್ಗ ಅಂತಿರೋದು ದುಡ್ಡಿನ ಲೆಕ್ಕಕ್ಕೆ, ಹೆಣ್ಮಗು ಅಂತಲ್ಲ. ನಾಳೆ ಬೆಂಗಳೂರಲ್ಲೇ ಒಳ್ಳೇ ಕಾಲೇಜಲ್ಲಿ ಎಸ್‌ಎನ್‌ಕ್ಯೂ ಸೀಟ್ ಸಿಕ್ರೆ ಕಣ್ಮುಚ್ಚಿ ಕಳಿಸಿ.

ಈ ವಾರದ ಕೆಲ್ಸ ಅಂದ್ರೆ ನಾಡಕಚೇರೀಲಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ಯಾ ನೋಡೋದು, ಆಮೇಲೆ ಆಧಾರ್‌ನಲ್ಲಿರೋ ಹೆಸರು, ಇನಿಷಿಯಲ್ಲು ಮಾರ್ಕ್ಸ್ ಕಾರ್ಡಿಗೆ ತಾಳೆ ಆಗುತ್ತಾ ನೋಡಿ, ಅವಳ ಹೆಸರಲ್ಲಿ ಖಾತೆ ತೆಗ್ಸಿ ಆಧಾರ್ ಸೀಡ್ (ಜೋಡಣೆ) ಮಾಡ್ಸಿ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ದುಡ್ಡು ಸಿಕ್ಕಾಕ್ಕೊಳೋದು ಬಹಳ ಸಲ ಇಲ್ಲೇ.