ಬಿಯರ್ ಆಗುತ್ತೆ, ಹಂದಿ ಮಾಂಸ ಯಾಕಾಗಲ್ಲ?

ಪ್ರಶ್ನೆ: ನನಗೆ 27 ವರ್ಷ. ಹುಟ್ಟಿದ್ದು ಮುಸ್ಲಿಂ ಮನೆಯಲ್ಲಿ. ನಮಾಜು ಬಿಟ್ಟು ವರ್ಷಗಳೇ ಆದವು. ಆಫೀಸಿನ ಗೆಳೆಯರ ಜೊತೆ ಬಿಯರ್ ಕುಡಿಯುತ್ತೇನೆ. ಹಂದಿ ಮಾಂಸ ಮಾತ್ರ ಇವತ್ತಿನವರೆಗೂ ಮುಟ್ಟಿಲ್ಲ. ಮೊನ್ನೆ ಪಾರ್ಟಿಯಲ್ಲಿ ಒಬ್ಬ ತಟ್ಟೆ ತಂದು ನನ್ನ ಮುಂದಿಟ್ಟ. 'ಕುಡಿಯೋಕೆ ಆಗುತ್ತೆ, ಇದಕ್ಕೆ ಮಾತ್ರ ಧರ್ಮ ಅಡ್ಡ ಬರುತ್ತಾ? ಆಗ ಫ್ರಿಜ್ ಇರಲಿಲ್ಲ, ಮಾಂಸದಲ್ಲಿ ಹುಳು ಇರುತ್ತಿತ್ತು, ಅದಕ್ಕೇ ಬೇಡ ಅಂದರು. ಈಗೇನು ಕಷ್ಟ?' ಎಂದ. ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಡೋಂಗಿಯಾ? ಒಂದು ಸಲ ತಿಂದು ಈ ಕತೆ ಮುಗಿಸಿಬಿಡಲಾ? ತಿಂದರೆ ಅಮ್ಮನಿಗೆ ಏನು ಹೇಳಲಿ?
— ಹೆಸರು ಬೇಡ

ಉತ್ತರ: ಮೊದಲು ಆ ಹುಳುವಿನ ವಿಷಯ ಮುಗಿಸೋಣ. ನಿಮ್ಮ ಗೆಳೆಯ ಅದನ್ನೇ ನಂಬಿಕೊಂಡು ಮಾತಾಡಿದ್ದಾನೆ, ನೀವೂ ಅಲ್ಲೇ ಸೋತಿದ್ದೀರಿ.

ಹಂದಿ ಮಾಂಸದಿಂದ ಬರುವ ಟ್ರೈಕಿನೆಲ್ಲಾ ಹುಳು ಮೊದಲು ಕಣ್ಣಿಗೆ ಬಿದ್ದದ್ದು 1835ರಲ್ಲಿ. ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯಕೀಯ ವಿದ್ಯಾರ್ಥಿ ಹೆಣ ಕೊಯ್ಯುವಾಗ ಅದನ್ನು ನೋಡಿದ. ಅದು ಜನರ ಜೀವ ತೆಗೆಯಬಲ್ಲದು ಎಂದು ಜರ್ಮನಿಯ ಝೆಂಕರ್ ತೋರಿಸಿಕೊಟ್ಟದ್ದು 1860ರಲ್ಲಿ. ಹಂದಿ ಮಾಂಸ ಬೇಡ ಎಂದ ಗ್ರಂಥಗಳು ಎರಡು: ಯಹೂದಿಗಳ ಧರ್ಮಗ್ರಂಥ ಟೋರಾ ಅದಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಳೆಯದು, ಕುರಾನ್ 7ನೇ ಶತಮಾನದ್ದು. ಈ ರೋಗದ ಮೈಕೈ ನೋವು ಶುರುವಾಗುವುದು ಊಟ ಮಾಡಿ ವಾರವೋ ಎರಡು ವಾರವೋ ಆದ ಮೇಲೆ. ಅಷ್ಟು ಹಿಂದಿನ ಊಟವನ್ನು ನೆನಪಿಟ್ಟುಕೊಂಡು ಯಾರು ಬೈಯುತ್ತಾರೆ? ಕುರಿ, ಆಡು, ದನಗಳಿಂದಲೂ ಮನುಷ್ಯರಿಗೆ ಆಂಥ್ರಾಕ್ಸ್, ಬ್ರುಸೆಲ್ಲೋಸಿಸ್ ಎಂಬ ಸೋಂಕು ರೋಗಗಳು ಬರುತ್ತವೆ. ಆ ಪ್ರಾಣಿಗಳ ಮಾಂಸವನ್ನು ಈ ಎರಡು ಗ್ರಂಥಗಳೂ ನಿಷೇಧಿಸಲಿಲ್ಲ. ಇನ್ನು ಹಂದಿಯ ಲಾಡಿಹುಳು. ಮೆದುಳಿಗೆ ಹೋಗಿ ಫಿಟ್ಸ್ ತರಿಸುವುದು ಮಾಂಸದಲ್ಲಿರುವ ಹುಳುವಲ್ಲ, ಹೊಟ್ಟೆಗೆ ಹೋದ ಹುಳುವಿನ ಮೊಟ್ಟೆಯಿಂದ ಹೊರಬಂದ ಮರಿ. ಆ ಮೊಟ್ಟೆ ಸೋಂಕಿರುವ ಮನುಷ್ಯರ ಮಲದಿಂದ ನೀರಿಗೆ, ಸೊಪ್ಪಿಗೆ, ಕೈಗೆ ಸೇರುತ್ತದೆ. ಜನ್ಮದಲ್ಲಿ ಹಂದಿ ಮಾಂಸ ತಿನ್ನದವರಿಗೂ ಅದು ಬರಬಹುದು.

ನಿಮ್ಮ ಗೆಳೆಯನ ಮಾತಿನಲ್ಲಿ ಒಂದು ನಿಜ ಇದೆ. ಸರಿಯಾಗಿ ಬೇಯಿಸಿದರೆ ಈಗ ಅಪಾಯ ಕಮ್ಮಿ. ಇಡೀ ತುಂಡಿನ ಒಳಗೆ 63 ಡಿಗ್ರಿ ಸೆಲ್ಸಿಯಸ್ ಶಾಖ ಮುಟ್ಟಲಿ, ಆಮೇಲೆ 3 ನಿಮಿಷ ಹಾಗೇ ಬಿಡಿ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಆದರೆ ಟೋರಾ ಹೇಳಿದ್ದು ರೋಗದ ಮಾತಲ್ಲ: ಹಂದಿಯ ಗೊರಸು ಸೀಳಿದೆ, ಆದರೆ ಅದು ಮೆಲುಕು ಹಾಕುವುದಿಲ್ಲ, ಆದ್ದರಿಂದ ಬೇಡ. ಕುರಾನ್ ಅದನ್ನು ಅಶುದ್ಧ ಎಂದಿತು. ರೋಗಕ್ಕಾಗಿ ಬಂದಿರದ ನಿಯಮವನ್ನು ಫ್ರಿಜ್ ಹೇಗೆ ತೆಗೆದುಹಾಕುತ್ತದೆ?

ಇದೇ ಮಾತು ಆ ಕಡೆಯವರಿಗೂ ಅನ್ವಯ. 'ಹಂದಿ ತಿಂದರೆ ಹೀಗಾಗುತ್ತೆ, ವಿಜ್ಞಾನವೇ ಹೇಳಿದೆ' ಎಂಬ ವಾಟ್ಸಾಪ್ ವಿಡಿಯೊ ನಿಮಗೂ ಬಂದಿರುತ್ತದೆ ಅಲ್ವಾ? ಅದೂ ಅಷ್ಟೇ ಟೊಳ್ಳು. ಈ ಜಗಳ ಹೊಸದಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ವೃತ್ತಿಯಲ್ಲಿ ವೈದ್ಯ. ಹಂದಿ ಕೊಳಕು, ಅದನ್ನು ಸಾಕಿದರೆ ಬೀದಿ ಮನೆ ಎಲ್ಲ ಗಲೀಜಾಗುತ್ತದೆ ಎಂದು ಕಾರಣ ಕೊಟ್ಟ. 15ನೇ ಶತಮಾನದ ಇನ್ನೊಬ್ಬ ಯಹೂದಿ ಪಂಡಿತ ಅಬ್ರವನೆಲ್ ಒಪ್ಪಲಿಲ್ಲ. ಬೇರೆ ಜನ ತಿಂದುಕೊಂಡು ಚೆನ್ನಾಗಿಯೇ ಇದ್ದಾರಲ್ಲ, ದೇವರ ಗ್ರಂಥವನ್ನು ವೈದ್ಯರ ಕೈಪಿಡಿ ಮಾಡಬೇಡಿ ಎಂಬುದು ಅವನ ವಾದ. ನನಗೆ ಅಬ್ರವನೆಲ್ ಹೇಳಿದ್ದೇ ಸರಿ ಅನಿಸುತ್ತದೆ.

ಹಾಗಾದರೆ ನಿಜವಾದ ಕಾರಣ ಏನು? ಮರುಭೂಮಿಯಲ್ಲಿ ನೀರು, ನೆರಳು ಬೇಡುವ, ಹಾಲು ಕೊಡದ, ಉಳುಮೆಗೆ ಬಾರದ ಪ್ರಾಣಿ ದುಬಾರಿಯಾಗಿತ್ತು ಎಂದವರಿದ್ದಾರೆ. ಆ ಕಾಲದ ಜನ ಪ್ರಾಣಿಗಳನ್ನು ವಿಂಗಡಿಸಿದ ರೀತಿಗೆ ಹಂದಿ ಹೊಂದಲಿಲ್ಲ ಎಂದವರೂ ಇದ್ದಾರೆ. ವಾದ ಮುಗಿದಿಲ್ಲ, ನಿಮಗೆ ಅದು ಮುಗಿಯಬೇಕಾಗಿಯೂ ಇಲ್ಲ. ಒಂದು ಮಾತ್ರ ಗಮನಿಸಿ. ಒಂಟೆ ಮಾಂಸ ಯಹೂದಿಗಳಿಗೆ ನಿಷಿದ್ಧ, ಮುಸ್ಲಿಮರಿಗೆ ಹಲಾಲ್. ಎರಡೂ ಕಡೆಯವರ ಹೊಟ್ಟೆ ಒಂದೇ ತರ. ನಾವು ಯಾರ ಪೈಕಿ ಎಂದು ದಿನಕ್ಕೆ ಮೂರು ಹೊತ್ತು ನೆನಪಿಸುವುದು ಇಂಥ ನಿಯಮದ ದೊಡ್ಡ ಕೆಲಸ.

ಆ ಕೆಲಸ ಗೊತ್ತಿದ್ದವರು ಅದನ್ನು ಮುರಿಯಲೂ ನೋಡಿದ್ದಾರೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಆಂಟಿಯೋಕಸ್ ಎಂಬ ಗ್ರೀಕ್ ದೊರೆಯ ಆಳ್ವಿಕೆಯಲ್ಲಿ ಯಹೂದಿಗಳಿಗೆ ಹಂದಿ ಮಾಂಸ ತಿನ್ನಿ ಎಂದು ಬಲವಂತ ಮಾಡಲಾಯಿತು. ಒಪ್ಪದೆ ಸತ್ತವರ ಕತೆಗಳು ಉಳಿದಿವೆ. ಸ್ಪೇನಿನಲ್ಲಿ ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡ ಯಹೂದಿ, ಮುಸ್ಲಿಂ ಕುಟುಂಬಗಳು ಹಂದಿ ಮಾಂಸ ತಿನ್ನದಿದ್ದರೆ ಅದೇ ಅನುಮಾನಕ್ಕೆ ಸಾಕಾಗುತ್ತಿತ್ತು, ನಂಬಿಕೆ ನಿಜವೋ ಎಂದು ಪರೀಕ್ಷಿಸುತ್ತಿದ್ದ ಧರ್ಮ ವಿಚಾರಣೆಯವರ ಮುಂದೆ ನಿಲ್ಲಬೇಕಾಗುತ್ತಿತ್ತು. ನಿಮ್ಮ ಗೆಳೆಯ ಅಷ್ಟು ದೊಡ್ಡ ಖಳನಾಯಕನಲ್ಲ ಬಿಡಿ. ಆದರೂ ತಟ್ಟೆ ಮುಂದಿಟ್ಟು 'ನೀನು ನಮ್ಮವನು ಹೌದೋ ಅಲ್ಲವೋ, ತೋರಿಸು' ಅನ್ನುವ ಪರೀಕ್ಷೆ ಅದೇ ಜಾತಿಯದು. ಆ ಮೇಜಿನಲ್ಲಿ ತಿಂದಿದ್ದರೆ ನೀವು ಸ್ವತಂತ್ರರಾಗುತ್ತಿರಲಿಲ್ಲ. ಅಮ್ಮನ ಮಾತು ಬಿಟ್ಟು ಅವನ ಮಾತು ಕೇಳಿದಂತಾಗುತ್ತಿತ್ತು, ಅಷ್ಟೇ.

ಇನ್ನು ಡೋಂಗಿ ಎಂಬ ಮಾತು. ಇಸ್ಲಾಮಿನಲ್ಲಿ ಮದ್ಯವೂ ನಿಷಿದ್ಧ, ಅದು ನಿಮಗೂ ಗೊತ್ತು. ಆದರೆ ಬಹಳ ಜನ ಎಲ್ಲ ನಿಯಮವನ್ನೂ ಒಂದೇ ದಿನ ಬಿಡುವುದಿಲ್ಲ, ಎಲ್ಲವನ್ನೂ ಪೂರ್ತಿ ಪಾಲಿಸುವುದೂ ಇಲ್ಲ. ಮಾತು ಕಲಿಯುವ ಮೊದಲೇ ಬಂದ ಹೇಸಿಗೆ ನಂಬಿಕೆಗಿಂತ ಗಟ್ಟಿ. ನಂಬಿಕೆ ಹೋದ ಮೇಲೂ ನಾಲಿಗೆ ಹಿಂಜರಿಯುತ್ತದೆ. ಸುಮ್ನೆ ಅದಕ್ಕೆ ನಾಚಿಕೊಳ್ಳಬೇಡಿ. ತಿನ್ನದೇ ಇದ್ದೂ ತಿನ್ನುವವರನ್ನು ಕೀಳಾಗಿ ಕಂಡಿದ್ದರೆ, ಆಗ ನಾನೇ ನಿಮಗೆ ಡೋಂಗಿ ಅನ್ನುತ್ತಿದ್ದೆ. ಹಳೆಯ ಯಹೂದಿ ಗುರುವೊಬ್ಬ ಇದನ್ನೇ ಬೇರೆ ದಾರಿಯಿಂದ ಹೇಳಿದ್ದಾನೆ. ಹಂದಿ ಮಾಂಸ ನನಗಿಷ್ಟವಿಲ್ಲ ಅನ್ನಬೇಡ, ಇಷ್ಟ ಇದೆ, ಆದರೆ ಬೇಡವೆಂದು ದೇವರು ಹೇಳಿದ್ದಾನೆ, ಏನು ಮಾಡಲಿ ಅನ್ನು ಎಂದ. ನಿಮ್ಮನ್ನು ತಡೆಯುತ್ತಿರುವುದು ದೇವರ ಮಾತೋ, ಹೇಸಿಗೆಯೋ, ಅಮ್ಮನ ಮೇಲಿನ ಪ್ರೀತಿಯೋ? ಇದನ್ನು ನೀವೇ ಕೇಳಿಕೊಳ್ಳಿ. ಹೇಸಿಗೆ ಮಾತ್ರ ಆಗಿದ್ದರೆ ಅದು ಬರೀ ರುಚಿಯ ವಿಷಯ. ಅಮ್ಮನ ಪ್ರೀತಿ ಆಗಿದ್ದರೆ ಅದೂ ಒಳ್ಳೆಯ ಕಾರಣವೇ, ಅದಕ್ಕೆ ಗ್ರಂಥದ ಆಧಾರ ಬೇಕಿಲ್ಲ.

ಒಂದು ದಿನ ಯಾರೂ ಕೆಣಕದೆ, ಯಾರಿಗೂ ಏನೂ ತೋರಿಸಬೇಕಿಲ್ಲದೆ, ನಿಮಗೇ ತಿನ್ನಬೇಕು ಅನಿಸಿದರೆ ತಿನ್ನಿ. ಅದು ನಿಮ್ಮ ಬಾಯಿ. ಹೋಗಿ ಅಮ್ಮನ ಮುಂದೆ ಒಪ್ಪಿಸುವ ಅಗತ್ಯವಿಲ್ಲ. ಮನಸ್ಸು ಹಗುರ ಮಾಡಿಕೊಳ್ಳಲು ಆ ಭಾರವನ್ನು ಅವರ ತಲೆಗೆ ಹಾಕಿದಂತಾಗುತ್ತದೆ. ಅವರೇ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಅವರ ಅಡುಗೆಮನೆಗೆ, ಪಾತ್ರೆಗೆ ಮಾತ್ರ ತರಬೇಡಿ, ಅದು ಅವರ ಜಾಗ. ಮುಂದೊಂದು ದಿನ ಮನೆಯಲ್ಲಿ ಯಾರಿಗಾದರೂ ಹಂದಿಯಿಂದ ಮಾಡಿದ ಔಷಧಿ ಬೇಕಾಗಿ ಗಲಿಬಿಲಿಯಾದರೆ ಇದು ನೆನಪಿರಲಿ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದಲೇ ಬರುತ್ತದೆ. ಕುರಾನಿನಲ್ಲಿ ಹಂದಿ ಮಾಂಸದ ನಿಷೇಧ ನಾಲ್ಕು ಕಡೆ ಬರುತ್ತದೆ, ನಾಲ್ಕೂ ಕಡೆ ಬೇರೆ ದಾರಿಯೇ ಇಲ್ಲದವನಿಗೆ ವಿನಾಯಿತಿ ಇದೆ.

ಮುಂದಿನ ಪಾರ್ಟಿಯಲ್ಲಿ 'ನಾನು ತಿನ್ನಲ್ಲ' ಅಂದರೆ ಸಾಕು. ಕಾರಣ ಕೊಟ್ಟರೆ ಮತ್ತೆ ವಾದ ಶುರುವಾಗುತ್ತದೆ. ಆಮೇಲೂ ತಟ್ಟೆ ನಿಮ್ಮ ಮುಂದೆ ಬಂದರೆ, ಮಾರನೆಯ ದಿನ ಅವನನ್ನು ಪಕ್ಕಕ್ಕೆ ಕರೆದು 'ಆ ಜೋಕು ನಿಲ್ಲಿಸು' ಎಂದು ನೇರವಾಗಿ ಹೇಳಿ. ಅದಕ್ಕೂ ಜಗ್ಗದಿದ್ದರೆ ನಿಮ್ಮ ಮ್ಯಾನೇಜರ್‌ಗೆ ತಿಳಿಸಿ.